ಉಲ್ಮ್ ಪೈಪ್ ಬೇರೆ, ರೂಲಾ ಪೈಪ್ ಬೇರೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಹಳೆ ವಸ್ತುಗಳನ್ನು ಸಂಗ್ರಹಿಸುವವರ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಅದರ ಜೊತೆ ಹಾಕಿದ್ದ ಮೂರು ತಂಬಾಕು ಪೈಪ್‌ಗಳ ಚಿತ್ರದ ಕೆಳಗೆ 'ಜರ್ಮನಿಯ ಕೆತ್ತನೆ ಪೈಪ್‌ಗಳು' ಎಂದಷ್ಟೇ ಬರೆದಿದ್ದೀರಿ. ಅದಕ್ಕಾಗಿಯೇ ಈ ಪತ್ರ. ಆ ಮೂರರಲ್ಲಿ ಒಂದರಲ್ಲಿ ಕೆತ್ತನೆಯೇ ಇಲ್ಲ, ಅದು ಪಿಂಗಾಣಿಯ ಮೇಲೆ ಚಿತ್ರ ಬರೆದದ್ದು. ಇನ್ನೊಂದು ಬೆಳ್ಳಿ ಮುಚ್ಚಳದ ಮರದ ಪೈಪ್. ಮೂರನೆಯದು ಜಿಂಕೆ ಕೊಂಬಿನದು. ಚನ್ನಪಟ್ಟಣದ ಬೊಂಬೆ, ಬೀದರಿನ ಬಿದರಿ ಹೂಜಿ, ಸಾಗರದ ಗುಡಿಗಾರರ ಗಂಧದ ಕೆತ್ತನೆ, ಮೂರನ್ನೂ ಸಾಲಾಗಿ ಇಟ್ಟು 'ಇಂಡಿಯಾದ ಕರಕುಶಲ ವಸ್ತು' ಎಂದು ಯಾರಾದರೂ ಜರ್ಮನ್ ಪತ್ರಿಕೆಯಲ್ಲಿ ಬರೆದರೆ ನಮಗೆ ಹೇಗನಿಸುತ್ತೆ ಹೇಳಿ.

ನಾನು ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದವನು. ಹಳೆ ಪೈಪ್ ಕೂಡಿಡುವುದು ಇಲ್ಲಿಗೆ ಬಂದ ಮೇಲೆ ಹತ್ತಿದ ಹುಚ್ಚು. ಸೇದುವ ಅಭ್ಯಾಸ ನನಗಿಲ್ಲ, ಸೇದಿ ಅಂತ ಯಾರಿಗೂ ಹೇಳುವುದೂ ಇಲ್ಲ. ನನಗೆ ಬೇಕಿರುವುದು ಅದನ್ನು ಮಾಡಿದ ಕೈ. ಇಲ್ಲಿನ ವಾರದ ಸಂತೆಗಳಲ್ಲೂ ಇದೇ ಪಾಡು, ಅಂಗಡಿಯವನು ಕೈಗೆ ಸಿಕ್ಕಿದ ಪೈಪನ್ನೆಲ್ಲ 'ಬವೇರಿಯಾದ್ದು' ಅಂದುಬಿಡುತ್ತಾನೆ, ಕೊಳ್ಳುವವರೂ ತಲೆಯಾಡಿಸುತ್ತಾರೆ, ಹೀಗೆ ಒಂದು ಊರಿನ ಕೆಲಸ ಇನ್ನೊಂದು ಊರಿನ ಹೆಸರಲ್ಲಿ ಮಾರಾಟವಾಗಿಹೋಗುತ್ತೆ.

ನಿಮ್ಮ ಚಿತ್ರದ ಆ ಮರದ ಪೈಪ್ ನೋಡಿದ ಕೂಡಲೇ ನನಗೆ ಉಲ್ಮ್ ನೆನಪಾಯಿತು. ಡ್ಯಾನ್ಯೂಬ್ ದಡದ ಊರು. ಅಲ್ಲಿ 18ನೇ ಶತಮಾನದಲ್ಲಿ ಪೈಪ್ ಮಾಡುವುದೇ ದೊಡ್ಡ ಕಸುಬಾಗಿತ್ತು. ಅವರು ಮರದ ನೇರ ಕಾಂಡ ಮುಟ್ಟುತ್ತಿರಲಿಲ್ಲ. ಮರದ ಮೈಮೇಲೆ ಉಬ್ಬಿ ಬೆಳೆಯುವ ಗಂಟುಗಳನ್ನು ಹುಡುಕಿ ತರುತ್ತಿದ್ದರು. ಗಂಟಿನಲ್ಲಿ ನಾರು ಒಂದೇ ದಿಕ್ಕಿಗೆ ಹೋಗಿರುವುದಿಲ್ಲ, ಸುರುಳಿ ಸುರುಳಿಯಾಗಿ ಹೆಣೆದುಕೊಂಡಿರುತ್ತದೆ. ಹಾಗಾಗಿ ಒಳಗೆ ಕೆಂಡವಿದ್ದರೂ ಬೇಗ ಸೀಳುವುದಿಲ್ಲ. ನೋಡೋಕೂ ಎಷ್ಟು ಚೆಂದ ಗೊತ್ತಾ? ಉಲ್ಮ್‌ನವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಳ್ಳೆಯ ಉಲ್ಮ್ ಪೈಪಿನಲ್ಲಿ ಹೂವು, ಬಳ್ಳಿ, ಮುಖ ಅಂತ ಕೆತ್ತನೆ ತುಂಬಿರುವುದಿಲ್ಲ. ಎರಡೂ ಪಕ್ಕ ಚಪ್ಪಟೆ, ಕೆಳಗೆ ದುಂಡಗಿನ ಅಂಚು, ಮೈಯೆಲ್ಲ ನುಣುಪು, ಮೇಲೆ ಬೆಳ್ಳಿಯ ಮುಚ್ಚಳ. ಕೆತ್ತುವವನ ಜಾಣತನವೆಲ್ಲ ಆ ಆಕಾರದಲ್ಲಿದೆ, ಮರದೊಳಗಿನ ಸುರುಳಿ ಯಾವ ಕಡೆ ತಿರುಗಿದರೆ ಎದ್ದು ಕಾಣುತ್ತೆ ಅಂತ ಮೊದಲೇ ಊಹಿಸಿ ಕೊಯ್ಯುವುದರಲ್ಲಿದೆ. ನನ್ನ ಮಟ್ಟಿಗೆ ಜರ್ಮನ್ ಪೈಪ್‌ಗಳಲ್ಲಿ ಇದೇ ಎಲ್ಲಕ್ಕಿಂತ ಎತ್ತರದ ಕೆಲಸ.

ರೂಲಾ ಕತೆಯೇ ಬೇರೆ. ಥುರಿಂಗಿಯಾ ಕಾಡಿನ ನಡುವಿನ ಸಣ್ಣ ಊರು ಅದು. ಊರ ಮಧ್ಯದ ತೊರೆಯೇ ಎರಡು ಸಂಸ್ಥಾನಗಳ ಗಡಿ, ಒಂದು ದಡ ಗೋಥಾದವರದ್ದು, ಇನ್ನೊಂದು ದಡ ಐಸೆನಾಖ್‌ನವರದ್ದು! ಮೊದಲು ಅಲ್ಲಿ ಚಾಕು ಮಾಡುವ ಕಮ್ಮಾರರು ಜಾಸ್ತಿ. ಅವರು ಪೈಪ್‌ಗಳಿಗೆ ಲೋಹದ ಪಟ್ಟಿ, ಮುಚ್ಚಳ ಮಾಡಿಕೊಡಲು ಶುರುಮಾಡಿ, ನಿಧಾನವಾಗಿ ಪೂರ್ತಿ ಪೈಪ್ ಮಾಡುವುದಕ್ಕೇ ಇಳಿದರು. 19ನೇ ಶತಮಾನದಲ್ಲಿ ಊರಿಗೆ ಊರೇ ಅದನ್ನು ನಂಬಿಕೊಂಡಿತ್ತು. ತಂಬಾಕು ತುಂಬುವ ಪಿಂಗಾಣಿ ಬಟ್ಟಲಿಗೆ ಚಿತ್ರ ಬರೆಯುವುದು, ಕೊಳವೆ ಕೊರೆಯುವುದು, ಮುಚ್ಚಳ ಬಡಿಯುವುದು, ಹೀಗೆ ಒಂದೊಂದು ಕೆಲಸಕ್ಕೆ ಒಬ್ಬೊಬ್ಬರು. ಟರ್ಕಿಯ ಎಸ್ಕಿಶೆಹಿರ್‌ನಿಂದ ಬರುವ ಮೀರ್‌ಶೌಮ್ ಅನ್ನುವ ಹಗುರ ಬಿಳಿ ಕಲ್ಲು ದುಬಾರಿ. ರೂಲಾದವರು ಅದನ್ನು ಕೆತ್ತುವಾಗ ಉದುರಿದ ಚೂರು, ಪುಡಿಯನ್ನೂ ಬಿಡಲಿಲ್ಲ. ಅದನ್ನೇ ಕೂಡಿಸಿ ಗಟ್ಟಿಮಾಡಿ ಕಡಿಮೆ ಬೆಲೆಯ ಪೈಪ್ ಮಾಡಿದರು. ಕೆಲವು ಸಂಗ್ರಹಕಾರರು ಇದನ್ನು 'ನಕಲಿ' ಅಂತ ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಬಡವನ ಕೈಗೂ ಅಂದದ ಪೈಪ್ ಬಂದದ್ದು ಇಂಥ ಕೆಲಸದಿಂದಲೇ ಅಲ್ವಾ?

ಇಡೀ ಮೀರ್‌ಶೌಮ್ ಕಲ್ಲಿನಲ್ಲಿ ಮಾಡಿದ್ದು ನೋಡಬೇಕೆಂದರೆ ಲೆಮ್ಗೊ ಊರಿನ ಪೈಪ್ ಹುಡುಕಬೇಕು. ಒದ್ದೆಯಿದ್ದಾಗ ಈ ಕಲ್ಲು ಚಾಕುವಿಗೆ ಮೆತ್ತಗೆ ಸಿಗುತ್ತೆ, ಹಾಗಾಗಿ ಎಲೆಯ ನರ, ಕುದುರೆಯ ಜೂಲು, ಗಡ್ಡದ ಕೂದಲು ಎಲ್ಲವನ್ನೂ ಬಿಡಿಸಬಹುದು. ಆಮೇಲೆ ಒಣಗಿಸಿ ಮೇಣ ಹಿಡಿಸುತ್ತಾರೆ. ಸೇದುತ್ತಾ ಹೋದಂತೆ ಬಿಳಿ ಬಣ್ಣ ಹಳದಿಗೆ, ಆಮೇಲೆ ಕಂದಿಗೆ ತಿರುಗುತ್ತದೆ. ದಯವಿಟ್ಟು ಆ ಕಂದು ಬಣ್ಣವನ್ನು ಕೊಳೆ ಅಂದುಕೊಂಡು ಯಾರೂ ಉಜ್ಜಿ ತೆಗೆಯಬೇಡಿ!

ಈಗ ನಿಮ್ಮ ಪಿಂಗಾಣಿ ಪೈಪಿಗೆ ಬರುತ್ತೇನೆ. ಅದು ಸೈನಿಕನ ಪೈಪ್. ಜರ್ಮನ್ ಸಾಮ್ರಾಜ್ಯದ ಕಾಲದಲ್ಲಿ, ಅಂದರೆ 1871ರಿಂದ 1914ರ ಯುದ್ಧದವರೆಗೆ, ಕಡ್ಡಾಯ ಸೇವೆ ಮುಗಿಸಿ ಮನೆಗೆ ಹೊರಟ ಹುಡುಗರು ಇಂಥದ್ದನ್ನು ನೆನಪಿಗೆ ಅಂತ ಮಾಡಿಸಿಕೊಳ್ಳುತ್ತಿದ್ದರು. ಬಟ್ಟಲಿನ ಮೇಲೆ ಅವನ ಹೆಸರು, ರೆಜಿಮೆಂಟು, ದಂಡಿದ್ದ ಊರು, ಸೇವೆಯ ವರ್ಷಗಳು. ಎಷ್ಟೋ ಪೈಪ್‌ಗಳಲ್ಲಿ ಜೊತೆಗಿದ್ದ ಗೆಳೆಯರ ಹೆಸರುಗಳನ್ನೂ ಸಣ್ಣಕ್ಷರದಲ್ಲಿ ಬರೆಸಿರುತ್ತಾರೆ. ಅವರಲ್ಲಿ ಎಷ್ಟು ಜನ ಆಮೇಲೆ ಯುದ್ಧದಿಂದ ವಾಪಸು ಬಂದರೋ ಅಂತ ಓದುವಾಗೆಲ್ಲ ಸಂಕಟವಾಗುತ್ತೆ. ಪಿಂಗಾಣಿ ತೇವ ಹೀರುವುದಿಲ್ಲ, ಅದಕ್ಕೇ ಬಟ್ಟಲಿನ ಕೆಳಗೆ ರಸ ಇಳಿಯಲು ಇನ್ನೊಂದು ಸಣ್ಣ ಪಾತ್ರೆಯಿರುತ್ತದೆ. ಅದಕ್ಕೆ ಉದ್ದದ ಮರದ ಕೊಳವೆ, ತುದಿಗೆ ಕೊಂಬಿನ ಬಾಯಿ. ಇವುಗಳ ನಕಲು ಬೇಕಾದಷ್ಟಿದೆ, ಕೊಳ್ಳುವವರು ಇಸವಿ ನೋಡಲಿ. ಕಾಲ್ದಳದವರ ಸೇವೆ ಮೂರು ವರ್ಷ ಇದ್ದದ್ದು 1893ರಲ್ಲಿ ಎರಡಕ್ಕೆ ಇಳಿಯಿತು. ಕಾಲ್ದಳದ ಪೈಪಿನ ಮೇಲೆ '1904-07' ಅಂತಿದ್ದರೆ ದುಡ್ಡು ಕೊಡುವ ಮೊದಲು ಇನ್ನೊಂದು ಸಲ ಯೋಚಿಸಿ.

ಕೊಂಬಿನ ಪೈಪ್ ಬವೇರಿಯಾದ ಬೆಟ್ಟದ ಕಡೆಯ ಬೇಟೆಗಾರರ ರುಚಿ. ಜಿಂಕೆ, ನಾಯಿ, ಓಕ್ ಎಲೆ ಎಲ್ಲವೂ ಉಬ್ಬಿ ನಿಂತಿರುತ್ತವೆ, ಕೊಂಬಿನ ಒರಟು ಮೈಯನ್ನು ಅಲ್ಲಲ್ಲಿ ಹಾಗೇ ಬಿಟ್ಟಿರುತ್ತಾರೆ. ನನಗೆ ಅಷ್ಟು ಹಿಡಿಸುವುದಿಲ್ಲ, ಆದರೆ ಗುರುತು ಹಿಡಿಯುವುದು ಸುಲಭ.

ಇನ್ನೊಂದು ಮಾತು, ನಿಮ್ಮ ಲೇಖನದಲ್ಲಿ ಮಣ್ಣಿನ ಪೈಪಿನ ಸುದ್ದಿಯೇ ಇರಲಿಲ್ಲ. ವೆಸ್ಟರ್‌ವಾಲ್ಡ್ ಸೀಮೆಯಲ್ಲಿ, ಹ್ಯೋರ್-ಗ್ರೆನ್ಸ್‌ಹೌಸನ್, ಹಿಲ್ಗರ್ಟ್ ಸುತ್ತಮುತ್ತ, ಒಳ್ಳೆಯ ಜೇಡಿಮಣ್ಣು ಸಿಗುತ್ತೆ. ಅಲ್ಲಿ ಮನೆತನ ಮನೆತನಗಳೇ ಪೈಪ್ ಸುಡುವ ಕೆಲಸ ಮಾಡಿದವು. ಎರಡು ಹೋಳಿನ ಲೋಹದ ಅಚ್ಚಿನಲ್ಲಿ ಮಣ್ಣು ಒತ್ತುತ್ತಿದ್ದರು. ಇಲ್ಲಿ ಕೆತ್ತನೆ ನಡೆದಿರುವುದು ಅಚ್ಚಿನ ಒಳಗೆ, ಅದೂ ತಿರುಗಾಮುರುಗಾ. ಪೈಪಿನಲ್ಲಿ ಉಬ್ಬಿ ಬರಬೇಕಾದ್ದನ್ನು ಅಚ್ಚಿನಲ್ಲಿ ತಗ್ಗಾಗಿ ಕೊರೆಯಬೇಕು. ಅಚ್ಚು ಕೊರೆದವನ ಹೆಸರು ಯಾರೂ ಹೇಳುವುದಿಲ್ಲ, ಸಾವಿರಾರು ಪೈಪ್‌ಗಳ ಮೇಲೆ ಇರುವುದು ಅವನದೇ ಕೈ. ಹಾಲೆಂಡಿನ ಖೌದಾ ಊರಿನ ಪೈಪಿಗೆ ಹೆಸರಿದ್ದುದರಿಂದ ವೆಸ್ಟರ್‌ವಾಲ್ಡ್‌ನವರು ಅಲ್ಲಿನ ಮುದ್ರೆಯನ್ನೇ ತಮ್ಮ ಪೈಪಿಗೂ ಒತ್ತುತ್ತಿದ್ದರು. ಹಾಗಾಗಿ ಮುದ್ರೆಯೊಂದನ್ನೇ ನೋಡಿ ಊರು ಹೇಳೋಕಾಗಲ್ಲ.

ಹೀಗೆ ಒಂದೊಂದು ಊರಿಗಿದ್ದ ಗುರುತು ಮಸುಕಾದದ್ದು ಬ್ರಯರ್ ಬಂದ ಮೇಲೆ. ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಬೇರಿನ ಗಂಟು ಅದು. ಬೆಂಕಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಎಲ್ಲ ಕಡೆ ಅದೇ ಹಬ್ಬಿತು. 1848ರಿಂದ ಲೆಕ್ಕ ಹೇಳುವ ನ್ಯೂರೆಂಬರ್ಗ್‌ನ ವಾವೆನ್ ಕಂಪನಿಯೂ ಈಗ ಅದರಲ್ಲೇ ಮಾಡುವುದು. ಎಲ್ಲರಿಗೂ ಒಂದೇ ಮರ ಬಂದ ಮೇಲೆ ಶೈಲಿ ಊರಿನದ್ದಾಗಿ ಉಳಿಯಲಿಲ್ಲ, ಒಬ್ಬೊಬ್ಬ ಕುಶಲಕರ್ಮಿಯದ್ದಾಯಿತು. 2011ರಲ್ಲಿ ತೀರಿಹೋದ ಜರ್ಮನ್ ಪೈಪ್ ಕುಶಲಕರ್ಮಿ ರೈನರ್ ಬಾರ್ಬಿಯವರ ಪೈಪ್‌ಗಳನ್ನು ನೋಡಿ. ಮರದ ಗೆರೆ ಹೇಗೆ ಓಡಿದೆಯೋ ಅದಕ್ಕೆ ತಕ್ಕಂತೆ ಆಕಾರ. ಉಲ್ಮ್‌ನವರ ಆ ಹಳೆಯ ಬುದ್ಧಿಯೇ ಅಲ್ಲಿ ಮತ್ತೆ ಕಂಡಂತೆ ನನಗನಿಸುತ್ತೆ.

ಜರ್ಮನಿಗೆ ಬರುವ ಓದುಗರು ಬ್ಯುಂಡೆ ಊರಿನ ತಂಬಾಕು ಮತ್ತು ಚುಟ್ಟಾ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ. ಮನೆಗೆ ಹಳೆ ಪೈಪ್ ತರುವವರು ಆನೆದಂತದ ಭಾಗ ಇದ್ದರೆ ಸುಮ್ನೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರಬೇಡಿ, ಅದಕ್ಕೆ ಕಾನೂನಿದೆ.

ಸಂಪಾದಕರೇ, ಆ ಚಿತ್ರವನ್ನು ಮತ್ತೆ ಬಳಸುವುದಾದರೆ ಕೆಳಗಿನ ಸಾಲು ಹೀಗೆ ಹಾಕಿ: 'ಎಡದಿಂದ: ಸೈನಿಕನ ಪಿಂಗಾಣಿ ಪೈಪ್, ಉಲ್ಮ್ ಮಾದರಿಯ ಗಂಟುಮರದ ಪೈಪ್, ಬವೇರಿಯಾ ಬೇಟೆಗಾರರ ಕೊಂಬಿನ ಪೈಪ್.' ಮಧ್ಯದ ಪೈಪಿನ ಬೆಳ್ಳಿ ಮುಚ್ಚಳದ ಒಳಗಡೆ ಮುದ್ರೆ ಏನಾದರೂ ಇದೆಯಾ ಅಂತ ಅದರ ಯಜಮಾನರನ್ನು ಕೇಳಿ, ಇದ್ದರೆ ಅದರ ಫೋಟೋವನ್ನೂ ಹಾಕಿ.

- ಸ್ಟುಟ್‌ಗಾರ್ಟ್‌ನಲ್ಲಿರುವ ನಿಮ್ಮ ಓದುಗ