ಹದಿನಾಲ್ಕು ಶನಿವಾರಗಳ ಋಣ

ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಹೇಳುವುದು ಹೇಗೆ ಅಂತ ಕಲಿಸುವ ನಮ್ಮ ಚರ್ಚಿನ ಮಿಷನ್ ಕ್ಲಾಸ್ ಹೋದ ಶನಿವಾರ ಮುಗಿಯಿತು. ಒಟ್ಟು ಹದಿನಾಲ್ಕು ಶನಿವಾರ. ಒಂದೂ ತಪ್ಪಿಸಲಿಲ್ಲ ಅಂತ ಹೇಳಿಕೊಳ್ಳೋಣ ಅಂದರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎರಡು ಕಡೆ ಗೈರು ಇದೆ. ಆರಾಧನೆ ಮುಗಿದ ಮೇಲೆ ಸಾಕ್ಷಿ ಹೇಳಲು ಮೈಕ್ ಕೊಟ್ಟರು. ಗಂಟಲು ಕಟ್ಟಿತು, ಎರಡೇ ಮಾತಾಡಿ ಕೂತುಬಿಟ್ಟೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ಕಳೆದ ವರ್ಷ ನನ್ನ ಜೊತೆ ಕೆಲಸ ಮಾಡುವ ಗೆಳೆಯನ ತಂದೆ ತೀರಿಕೊಂಡರು. ಅವನು ಕೆಲಸಕ್ಕೆ ವಾಪಸ್ ಬಂದ ದಿನವೇ ಅವನ ಕೈಗೆ ಒಂದು ಕರಪತ್ರ ಇಟ್ಟೆ. ಸುವಾರ್ತೆ ಹೇಳಲು ಇದೇ ಸರಿಯಾದ ಸಮಯ ಅಂತ ನನ್ನ ಲೆಕ್ಕ. ಅವನು ಅದನ್ನು ಓದಲಿಲ್ಲ, ಹರಿಯಲೂ ಇಲ್ಲ. ನಾಲ್ಕು ಮಡಿಕೆ ಮಾಡಿದ. ಒಂದೊಂದು ಮಡಿಕೆಯ ಅಂಚನ್ನೂ ಉಗುರಿನಿಂದ ನಿಧಾನವಾಗಿ ತೀಡಿ ಅಂಗಿ ಜೇಬಿಗೆ ಹಾಕಿಕೊಂಡ. ಆಮೇಲೆ ತಿಂಗಳುಗಟ್ಟಲೆ ನಮ್ಮಿಬ್ಬರ ನಡುವೆ ಮಾತಿಲ್ಲ.

ಕ್ಲಾಸಿನ ಮೊದಲ ದಿನ ಇದನ್ನು ಹೇಳಿ, "ಜನರ ಮನಸ್ಸು ಕಲ್ಲಾಗಿದೆ" ಅಂತ ಷರಾ ಬೇರೆ ಸೇರಿಸಿದ್ದೆ. ಪಾಸ್ಟರ್ ಬೈಯಲಿಲ್ಲ. "ಅವರ ತಂದೆ ಏನ್ ಕೆಲಸ ಮಾಡ್ತಿದ್ರು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಪಾಸ್ಟರ್, ನೀವು ಮಾಡಿದ ಎಲ್ಲ ಪಾಠಗಳಿಗಿಂತ ಆ ಪ್ರಶ್ನೆಗೆ ನನ್ನ ವಂದನೆ ಜಾಸ್ತಿ.

ಮಿಷನ್ ಚರಿತ್ರೆ ಕಲಿಸಿದ ಟೀಚರಮ್ಮನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಮಿಷನರಿ ಅಂದರೆ ಪುಸ್ತಕ ಹಿಡಿದು ಭಾಷಣ ಮಾಡುವವರು ಅಂದುಕೊಂಡಿದ್ದೆ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್‌ನಿಂದ ಕೆರಿಬಿಯನ್ ದ್ವೀಪಕ್ಕೆ ಹೊರಟ ಇಬ್ಬರು ಮಿಷನರಿಗಳಲ್ಲಿ ಒಬ್ಬ ಕುಂಬಾರ, ಇನ್ನೊಬ್ಬ ಬಡಗಿಯಂತೆ. ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಮೊದಲು ಬೂಟು ಹೊಲಿಯುತ್ತಿದ್ದವರು. ಅವರು ಬಂಗಾಳಕ್ಕೆ ಬಂದದ್ದು 1793ರಲ್ಲಿ, ಬಂಗಾಳಿಯೊಬ್ಬರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದದ್ದನ್ನು ಮೊದಲು ನೋಡಿದ್ದು 1800ರ ಡಿಸೆಂಬರಿನಲ್ಲಿ. ಏಳು ವರ್ಷ! ನಾನು ಕರಪತ್ರ ಕೊಟ್ಟು ಮಾರನೆ ದಿನವೇ ಗೆಳೆಯನ ಮುಖ ನೋಡುತ್ತಾ ಕೂತಿದ್ದವನು. ಬಾಸೆಲ್ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅದರಲ್ಲಿ ನಮ್ಮ ಗಾದೆಗಳೂ ಇವೆ. ಕಿವಿಗೊಟ್ಟು ಕೂರದೆ ಗಾದೆ ಸಿಗುತ್ತದಾ?

ಟೀಚರಮ್ಮ ಹುಳುಕನ್ನೂ ಮುಚ್ಚಿಡಲಿಲ್ಲ. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ನಮ್ಮ ದೇಶದ ಕ್ರೈಸ್ತ ಸೇವಕರಾದ ಅಜರಯ್ಯನವರು ಎದ್ದು ನಿಂತು, ವಿದೇಶಿ ಮಿಷನರಿಗಳು ಭಾರತದ ಸಭಾಸೇವಕರನ್ನು ಸಮಾನರಾಗಿ ಕಾಣುತ್ತಿಲ್ಲ ಅಂತ ನೇರವಾಗಿಯೇ ಹೇಳಿದರಂತೆ. ನೀವು ಆಸ್ತಿ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ನಮಗೆ ಸ್ನೇಹಿತರನ್ನು ಕೊಡಿ ಅಂತ ಕೇಳಿಕೊಂಡರಂತೆ. ಆ ದಿನ ನೋಟ್ಸ್ ಬರೆಯುವುದನ್ನು ನಿಲ್ಲಿಸಿ ಸುಮ್ನೆ ಕೂತೆ. ನನ್ನ ಗೆಳೆಯನ ಜೇಬು ಕಣ್ಣ ಮುಂದೆ ಬಂತು.

ಅಭ್ಯಾಸಕ್ಕೆ ಅಂತ ಜೋಡಿ ಮಾಡಿ ಕೂರಿಸುತ್ತಿದ್ದರಲ್ಲ, ಅದರಲ್ಲಿ ನನಗೆ ಸಿಕ್ಕ ಅಣ್ಣನಿಗೂ ನಮಸ್ಕಾರ. ಹತ್ತು ನಿಮಿಷ ಎದುರಿನವರ ಮಾತು ಕೇಳಬೇಕು, ಬೈಬಲ್ ವಾಕ್ಯ ಹೇಳಬಾರದು, ಬುದ್ಧಿ ಹೇಳಬಾರದು. ಮೂರನೇ ನಿಮಿಷಕ್ಕೇ ನಾನು ಬಾಯಿ ಹಾಕುತ್ತಿದ್ದೆ. ಅವರು ನಗುತ್ತಾ ವಾಚ್ ತೋರಿಸಿ ಮತ್ತೆ ಮೊದಲಿಂದ ಶುರು ಮಾಡಿಸುತ್ತಿದ್ದರು.

ಒಂಬತ್ತನೇ ವಾರ ಗೆಳೆಯನ ಹತ್ತಿರ ಹೋದೆ. "ಅವತ್ತು ನಾನು ಮಾಡಿದ್ದು ತಪ್ಪು ಕಣೋ. ನಿಮ್ಮ ಅಪ್ಪನ ಬಗ್ಗೆ ಹೇಳು" ಅಂದೆ. ಮೊದಲು ಸುಮ್ಮನಿದ್ದ. ಆಮೇಲೆ ಒಂದು ಗಂಟೆ ಮಾತಾಡಿದ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರಂತೆ, ಮನೆಯ ಗಡಿಯಾರ ಮಾತ್ರ ಯಾವಾಗಲೂ ಹತ್ತು ನಿಮಿಷ ಮುಂದಂತೆ. ಇಬ್ಬರೂ ನಕ್ಕೆವು. ಕೆಲವು ವಾರ ಕಳೆದ ಮೇಲೆ ಅವನೇ, "ನೀನು ಯಾಕೆ ಅಷ್ಟು ನಂಬ್ತೀಯ?" ಅಂತ ಕೇಳಿದ. ಬೈಬಲಿನ ಪೇತ್ರನ ಪತ್ರದಲ್ಲೂ ಕೇಳುವವರಿಗೆ ಉತ್ತರ ಕೊಡಿ, ಸೌಮ್ಯವಾಗಿ ಕೊಡಿ ಅಂತ ತಾನೇ ಇರುವುದು? ಯೇಸು ನನ್ನ ಬದುಕಿನಲ್ಲಿ ಏನು ಮಾಡಿದರು ಅಂತ ಐದು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅವನು ಸಭೆಗೆ ಬಂದಿಲ್ಲ. ಆದರೆ ದಿನಾ ಮಾತಾಡುತ್ತೇವೆ.

ಶನಿವಾರ ಸಂಜೆಗಳನ್ನು ಬಿಟ್ಟುಕೊಟ್ಟ ಮನೆಯವಳಿಗೆ, ಹೆಸರು ಹಿಡಿದು ಪ್ರಾರ್ಥಿಸಿದ ಅಜ್ಜಿಯರಿಗೆ, ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ ಹಾಕುತ್ತಿದ್ದ ತಮ್ಮನಿಗೆ ನಾನು ಋಣಿ. ತಮ್ಮಾ, ಮುಂದಿನ ಬ್ಯಾಚಿಗೆ ನೀನು ಆರಾಮವಾಗಿ ಬಾ. ಕುರ್ಚಿ ನಾನು ಹಾಕಿರುತ್ತೇನೆ.