ಹೆರಿಗೆ ನೋವಿಗೆ ದಾರಿಗಳುಂಟು

ಮಾನ್ಯರೇ,

ಬೇನೆಗೆ ಹೆದರಿ ‘ಆಪರೇಷನ್ನೇ ಮಾಡಿಬಿಡ್ರಿ’ ಎನ್ನುವ ಗರ್ಭಿಣಿಯರು ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆಯಿಲ್ಲ. ನೋವು ತಗ್ಗಿಸುವ ದಾರಿಗಳನ್ನು ಅವರಿಗೆ ಏಳನೇ ತಿಂಗಳ ತಪಾಸಣೆಯಲ್ಲೇ ಹೇಳಬೇಕು.

ಎಲ್ಲಕ್ಕಿಂತ ಪರಿಣಾಮಕಾರಿ ಎಪಿಡ್ಯೂರಲ್. ಸೊಂಟದ ಬೆನ್ನೆಲುಬಿನ ಸಂದಿಯಲ್ಲಿ ಸಣ್ಣ ನಳಿಕೆ ಕೂರಿಸಿ, ಶೇ 0.1ರಷ್ಟು ಅಥವಾ ಅದಕ್ಕೂ ತೆಳುವಾದ ಬುಪಿವಕೇನ್ (ಮರಗಟ್ಟಿಸುವ ಮದ್ದು) ಜತೆ ತುಸು ಫೆಂಟನಿಲ್ (ಪ್ರಬಲ ನೋವುನಿವಾರಕ) ಹರಿಸುತ್ತಾರೆ. 15–20 ನಿಮಿಷದಲ್ಲಿ ನೋವು ಇಳಿಯುತ್ತದೆ, ಕೂಸನ್ನು ಹೊರದಬ್ಬುವ ಶಕ್ತಿ ಉಳಿಯುತ್ತದೆ. ರಕ್ತದೊತ್ತಡ ಕುಸಿಯುವುದುಂಟು, ಸಲೈನ್ ಹಚ್ಚಿ, ಮಗ್ಗುಲಾಗಿ ಮಲಗಿಸಿ, ಶುರುವಿನಲ್ಲಿ 5 ನಿಮಿಷಕ್ಕೊಮ್ಮೆ ಬಿಪಿ ನೋಡಲೇಬೇಕು. ಪ್ಲೇಟ್‌ಲೆಟ್ ತೀರ ಕಡಿಮೆಯಿದ್ದವರಿಗೆ ಇದು ಬೇಡ. ಇದರಿಂದ ಸಿಸೇರಿಯನ್ ಹೆಚ್ಚುತ್ತದೆ, ಕಾಯಂ ಬೆನ್ನುನೋವು ಬರುತ್ತದೆ ಎಂಬ ಮಾತು ಸುಳ್ಳು.

ರಾತ್ರಿ ಅರಿವಳಿಕೆ ತಜ್ಞರು ಸಿಗದ ತಾಲ್ಲೂಕು ಆಸ್ಪತ್ರೆಗಳಿಗೆ ಉಸಿರಿನಲ್ಲಿ ಎಳೆದುಕೊಳ್ಳುವ ಎಂಟೊನಾಕ್ಸ್ ಅನಿಲ ತಕ್ಕದ್ದು: ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಮ್ಲಜನಕ. ಪರಿಣಾಮಕ್ಕೆ ಸುಮಾರು ಅರ್ಧ ನಿಮಿಷ ಬೇಕಾದ್ದರಿಂದ ಬೇನೆ ಏರುವ ಮೊದಲೇ ಎಳೆದುಕೊಳ್ಳಬೇಕು. ಮಾಸ್ಕನ್ನು ತಾಯಿಯೇ ಹಿಡಿಯಬೇಕು. ಮಂಪರು ಹೆಚ್ಚಾದರೆ ಕೈ ತಾನಾಗಿ ಜಾರುತ್ತದೆ, ಅದೇ ರಕ್ಷಣೆ. ಬೇರೆಯವರು ಒತ್ತಿ ಹಿಡಿಯಲೇಬಾರದು.

ನೋವು ತಗ್ಗಿಸುವ ಪೆಥಿಡಿನ್ ಚುಚ್ಚುಮದ್ದು ಅಗ್ಗ, ಆದರೆ ಹೆರಿಗೆ ಹತ್ತಿರವಿದ್ದಾಗ ಕೊಟ್ಟರೆ ಕೂಸಿನ ಉಸಿರು ಮಂದವಾಗಬಹುದು. ಅವ್ವನೋ ಅಕ್ಕನೋ ಪಕ್ಕದಲ್ಲಿದ್ದು ಸೊಂಟ ಒತ್ತುವುದೂ ನಿಜವಾದ ಆಸರೆ. ಹೆರಿಗೆ ಸೇವೆಯ ಗುಣಮಟ್ಟ ಸುಧಾರಿಸುವ ಸರ್ಕಾರದ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಹೆರಿಗೆ ಕೋಣೆಗೆ ಜತೆಗಾತಿಯನ್ನು ಬಿಡಲು ಅವಕಾಶವಿದೆ. ಆಸ್ಪತ್ರೆಗಳು ಅದನ್ನು ಪಾಲಿಸಲಿ.

– ಅರಿವಳಿಕೆ ತಜ್ಞ ವೈದ್ಯರು, ಹುಬ್ಬಳ್ಳಿ