ಗ್ರೇ ಪ್ರಭುಗಳೇ, ಮಸೂದೆಯನ್ನು ಹಾಗೆಯೇ ಮತ್ತೆ ತನ್ನಿ

(ಲಂಡನ್ನಿನ ಲಾರ್ಡ್‌ಗಳ ಸಭೆ, ಅಂದರೆ ಜನ ಆರಿಸದ ಮೇಲ್ಮನೆ, ಪಾರ್ಲಿಮೆಂಟಿನ ಸದಸ್ಯರನ್ನು ಆರಿಸುವ ಬಗೆಯನ್ನು ಬದಲಿಸುವ ಸುಧಾರಣಾ ಮಸೂದೆಯನ್ನು ತಳ್ಳಿಹಾಕಿದ ಎರಡು ವಾರಕ್ಕೆ, ಮ್ಯಾಂಚೆಸ್ಟರಿನ ಒಬ್ಬ ಕೈಮಗ್ಗದ ನೇಕಾರ ಪ್ರಧಾನ ಮಂತ್ರಿಗೆ ಬರೆದನೆಂದು ಕಲ್ಪಿಸಿಕೊಂಡ ಪತ್ರ.)

ಆಂಕೋಟ್ಸ್, ಮ್ಯಾಂಚೆಸ್ಟರ್
1831 ಅಕ್ಟೋಬರ್ 24

ಮಾನ್ಯ ಪ್ರಧಾನ ಮಂತ್ರಿ ಗ್ರೇ ಪ್ರಭುಗಳಿಗೆ,

ನಾನು ಕೈಮಗ್ಗದ ನೇಕಾರ. ತಮ್ಮಂಥ ದೊಡ್ಡವರಿಗೆ ಈವರೆಗೆ ಪತ್ರ ಬರೆದವನಲ್ಲ. ಅರ್ಜಿಗಳಿಗೆ ಸಹಿ ಹಾಕಿದ್ದೇನೆ, ಅಷ್ಟೇ. ಎಷ್ಟು ಅರ್ಜಿ ಅಂತ ಲೆಕ್ಕ ಇಟ್ಟಿಲ್ಲ. ಒಂದಕ್ಕೂ ಉತ್ತರ ಬರಲಿಲ್ಲ.

ಈ ತಿಂಗಳು ಶೋಕದ ಕಪ್ಪು ಅಂಚಿನ ಪತ್ರಿಕೆ ಬಂತು. ಪತ್ರಿಕೆಗೆ ಏಳು ಪೆನ್ನಿ. ಅದರಲ್ಲಿ ನಾಲ್ಕು ಪೆನ್ನಿ ಸರ್ಕಾರದ ಮುದ್ರೆಯ ತೆರಿಗೆಗೇ ಹೋಗುತ್ತದೆ. ನಾವು ಏಳು ಮಂದಿ ತಲಾ ಒಂದು ಪೆನ್ನಿ ಹಾಕಿ ತರಿಸುತ್ತೇವೆ. ನನಗೆ ಓದಲು ಬರುವುದರಿಂದ ನಾನೇ ಜೋರಾಗಿ ಓದುತ್ತೇನೆ. ಅವತ್ತೂ ಓದಿದೆ. ಅಕ್ಟೋಬರ್ 8ರ ಬೆಳಗಿನ ಜಾವ ಲಾರ್ಡ್‌ಗಳ ಸಭೆಯಲ್ಲಿ ಮಸೂದೆಯ ಪರ 158 ಮತ, ವಿರುದ್ಧ 199. ಅಂದರೆ 41 ಮತದಿಂದ ಬಿತ್ತು. ಓದಿ ಮುಗಿಸಿದ ಮೇಲೆ ಯಾರೂ ಮಾತಾಡಲಿಲ್ಲ. ಪಕ್ಕದ ಮಗ್ಗದ ಮುದುಕ ಮಾತ್ರ, "ಹಾಗಾದರೆ ಮುಂದೇನು?" ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಅದಕ್ಕೇ ತಮ್ಮನ್ನು ಕೇಳುತ್ತಿದ್ದೇನೆ.

ನಮ್ಮ ಬೇಡಿಕೆ ಸಣ್ಣದು. ಮಸೂದೆಯನ್ನು ಮತ್ತೆ ತನ್ನಿ. ಅದರಲ್ಲಿ ಒಂದು ಸಾಲನ್ನೂ ಕಡಿಮೆ ಮಾಡಬೇಡಿ. ಲಾರ್ಡ್‌ಗಳು ಮತ್ತೆ ಅಡ್ಡ ಬಂದರೆ, ರಾಜರಿಗೆ ಹೇಳಿ ಬೇಕಾದಷ್ಟು ಹೊಸ ಲಾರ್ಡ್‌ಗಳನ್ನು ಮಾಡಿಸಿ.

ಯಾಕೆ ಅಂತ ತಮಗೆ ವಿವರಿಸಿ ಹೇಳಬೇಕೇ? 1793ರಲ್ಲಿ ಸುಧಾರಣೆ ಬೇಕು ಅಂತ ಚುನಾಯಿತರ ಕಾಮನ್ಸ್ ಸಭೆಗೆ ಅರ್ಜಿ ತಂದವರು ತಾವೇ. ಕಾಮನ್ಸ್‌ನ 307 ಸದಸ್ಯರನ್ನು ಆರಿಸಿ ಕಳಿಸುವವರು ಬರೀ 154 ಜನ ಅಂತ ಆ ಅರ್ಜಿಯಲ್ಲೇ ಬರೆದಿತ್ತು. ಆಗ ನಾನು ತೊಟ್ಟಿಲಲ್ಲಿದ್ದೆ. ಈಗ ನನ್ನ ಗಡ್ಡ ನೆರೆತಿದೆ. ಓಲ್ಡ್ ಸೇರಮ್ಮಿನಲ್ಲಿ ಇವತ್ತಿಗೂ ಒಂದು ಮನೆಯಿಲ್ಲ. ಹುಲ್ಲು ಬೆಳೆದ ದಿಬ್ಬ ಅದು. ಮರದ ಕೆಳಗೆ ನಿಂತು ಚುನಾವಣೆ ಮುಗಿಸಿ ಇಬ್ಬರನ್ನು ಪಾರ್ಲಿಮೆಂಟಿಗೆ ಕಳಿಸುತ್ತಾರೆ. ಡನಿಚ್ ಊರಿನ ಬಹುಪಾಲು ಸಮುದ್ರದ ಪಾಲಾಗಿದೆ. ಅಲ್ಲಿಂದಲೂ ಇಬ್ಬರು. ನಮ್ಮ ಮ್ಯಾಂಚೆಸ್ಟರಿನಲ್ಲಿ ಈ ವರ್ಷದ ಜನಗಣತಿಯ ಪ್ರಕಾರ 1,40,000ಕ್ಕೂ ಜಾಸ್ತಿ ಜನ ಇದ್ದೇವೆ. ಇಡೀ ಲೋಕಕ್ಕೆ ಬಟ್ಟೆ ಕೊಡುತ್ತೇವೆ. ನಮ್ಮೂರಿಗೆ ಅಂತ ಒಬ್ಬ ಸದಸ್ಯನೂ ಇಲ್ಲ. ಬರ್ಮಿಂಗ್‌ಹ್ಯಾಮಿಗೂ ಇಲ್ಲ, ಲೀಡ್ಸ್‌ಗೂ ಇಲ್ಲ, ಶೆಫೀಲ್ಡ್‌ಗೂ ಇಲ್ಲ. ಹುಲ್ಲಿಗೆ ಇಬ್ಬರು, ನಮಗೆ ಯಾರೂ ಇಲ್ಲ. ಹೋದ ವರ್ಷ ನವೆಂಬರಿನಲ್ಲಿ ವೆಲ್ಲಿಂಗ್ಟನ್ ಪ್ರಭುಗಳು ಈಗಿರುವ ಏರ್ಪಾಡು ಚೆನ್ನಾಗಿಯೇ ಇದೆ, ಬದಲಾವಣೆ ಬೇಕಿಲ್ಲ ಅಂದರು. ಎರಡು ವಾರದಲ್ಲಿ ಅವರ ಸರ್ಕಾರ ಬಿತ್ತು. ತಾವು ಬಂದಿರಿ. ತಾವು ಬಂದ ದಿನ ನಮ್ಮ ಬೀದಿಯಲ್ಲಿ ಜನ ಕಣ್ಣೀರು ಹಾಕಿದ್ದರು, ಸಂತೋಷಕ್ಕೆ.

ನಮ್ಮ ತಾಳ್ಮೆ ಎಷ್ಟು ದೊಡ್ಡದು ಅಂತ ತಮಗೆ ಗೊತ್ತಾಗಲಿ ಎಂದು ಒಂದು ದಿನದ ಕತೆ ಹೇಳುತ್ತೇನೆ. ಉದ್ದವಾದರೂ ದಯವಿಟ್ಟು ಓದಿ.

1819ರ ಆಗಸ್ಟ್ 16, ಸೋಮವಾರ. ಆಗ ನಾವು ಮಿಡಲ್‌ಟನ್ನಿನಲ್ಲಿದ್ದೆವು. ಮದುವೆಯಾಗಿ ಒಂದು ವರ್ಷವಾಗಿತ್ತು. ಸ್ಯಾಮ್ಯುಯೆಲ್ ಬ್ಯಾಮ್‌ಫರ್ಡ್ ನಮ್ಮೂರಿನವರೇ, ನೇಕಾರರೇ. ಶುಚಿಯಾಗಿ ಬನ್ನಿ, ಕುಡಿಯದೆ ಬನ್ನಿ, ಸಾಲು ತಪ್ಪಬೇಡಿ, ಯಾರು ಕೆಣಕಿದರೂ ಶಾಂತವಾಗಿರಿ ಅಂತ ಅವರು ಹೇಳಿದ್ದರು. ಪಾರ್ಲಿಮೆಂಟಿನ ಸುಧಾರಣೆ ಕೇಳುವ ಸಭೆಗೆ ಹಾಗೆಯೇ ಹೊರಟೆವು. ಮುಂದೆ ನಡೆಯುವವರ ಕೈಯಲ್ಲಿ ಲಾರೆಲ್ ಸೊಪ್ಪಿನ ಟೊಂಗೆ. ವಾದ್ಯದವರಿದ್ದರು. ಹಸಿರು ಮತ್ತು ನೀಲಿ ರೇಷ್ಮೆಯ ಬಾವುಟಗಳಿದ್ದವು. ನನ್ನ ಹೆಂಡತಿ ಮದುವೆಯ ಬಿಳಿ ಉಡುಪನ್ನೇ ಒಗೆದು ಹಾಕಿಕೊಂಡಿದ್ದಳು. ದಾರಿಯುದ್ದಕ್ಕೂ ಅವಳ ಓರಗೆಯ ಹೆಂಗಸರ ಜೊತೆ ಹಾಡುತ್ತಾ ಬಂದಳು. ಊರ ಜಾತ್ರೆಗೆ ಹೊರಟ ಹಾಗಿತ್ತು. ಜಗಳಕ್ಕೆ ಹೊರಟವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರಾ, ಪ್ರಭುಗಳೇ?

ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದ್ದರು ಅನ್ನುತ್ತಾರೆ. ನನಗೆ ಕಂಡದ್ದು ತಲೆಗಳು ಮಾತ್ರ. ಬಿಸಿಲು ಜೋರಾಗಿತ್ತು. ಸುಧಾರಣೆಯ ಭಾಷಣಕಾರ ಹೆನ್ರಿ ಹಂಟ್ ಬಿಳಿ ಟೋಪಿ ಹಾಕಿಕೊಂಡು ವೇದಿಕೆ ಹತ್ತಿದರು. ಮಾತು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಮೈದಾನದ ಅಂಚಿನ ಮನೆಯಲ್ಲಿ ಕುಳಿತಿದ್ದ ಮ್ಯಾಜಿಸ್ಟ್ರೇಟರು ಅವರನ್ನು ಹಿಡಿಯಲು ಹುಕುಂ ಕೊಟ್ಟರು. ಕುದುರೆ ಸವಾರರು ಜನರ ನಡುವೆ ನುಗ್ಗಿದರು. ಮೊದಲು ಬಂದವರು ಸೈನಿಕರಲ್ಲ. ಊರಿನ ಅಂಗಡಿಯವರು, ಗಿರಣಿಯವರ ಮಕ್ಕಳು, ಸಮವಸ್ತ್ರ ಹಾಕಿಕೊಂಡ ಸ್ವಯಂಸೇವಕರು. ಆಮೇಲೆ ಸೈನ್ಯದ ಹುಸಾರ್ ಕುದುರೆ ದಳದವರೂ ಬಂದರು.

ನಾನು ಅವಳ ಕೈ ಹಿಡಿದುಕೊಂಡಿದ್ದೆ. ಜನ ತಳ್ಳಿದರು, ಕೈ ಬಿಟ್ಟುಹೋಯಿತು. ಆ ಒಂದು ಗಳಿಗೆಯನ್ನು ಹನ್ನೆರಡು ವರ್ಷದಿಂದ ದಿನಾ ನೆನೆಯುತ್ತೇನೆ. ಅವಳು ಸಿಕ್ಕಿದ್ದು ಗೋಡೆಯ ಪಕ್ಕ, ಇನ್ನೊಬ್ಬ ಹೆಂಗಸಿನ ಮಡಿಲಲ್ಲಿ. ಬಲ ಭುಜ ಸೀಳಿತ್ತು. ಬಿಳಿ ಉಡುಪು ಸೊಂಟದವರೆಗೆ ಕೆಂಪಾಗಿತ್ತು. ಯಾರ ಕತ್ತಿ ಅಂತ ಅವಳಿಗೂ ಗೊತ್ತಿಲ್ಲ. ಅವನು ಮುಖ ತಿರುಗಿಸಿಯೂ ನೋಡಲಿಲ್ಲವಂತೆ. ಸ್ವಲ್ಪ ಹೊತ್ತಿನಲ್ಲಿ ಮೈದಾನ ಖಾಲಿಯಾಯಿತು. ಉಳಿದದ್ದು ಟೋಪಿ, ಶಾಲು, ಬೂಟು, ಹರಿದ ಬಾವುಟ, ಮತ್ತು ಏಳಲಾಗದೆ ಬಿದ್ದವರು.

ಸತ್ತವರು ಹತ್ತಕ್ಕಿಂತ ಜಾಸ್ತಿ. ಗಾಯವಾದವರು ನೂರಾರು. ತಾಯಿಯ ತೋಳಲ್ಲಿದ್ದ ಎರಡು ವರ್ಷದ ಕೂಸೂ ಸತ್ತಿತು. ಓಲ್ಡ್‌ಹ್ಯಾಮಿನ ಜಾನ್ ಲೀಸ್ ವಾಟರ್‌ಲೂನಲ್ಲಿ ದೇಶಕ್ಕಾಗಿ ನಿಂತಿದ್ದವನು. ಫ್ರೆಂಚರ ಗುಂಡಿಗೆ ಸಾಯದವನು ಇಲ್ಲಿ ತಿಂದ ಪೆಟ್ಟಿಗೆ ಮೂರು ವಾರ ನರಳಿ ಸತ್ತ. ಅವನ ಸಾವಿನ ವಿಚಾರಣೆ ತೀರ್ಪೇ ಇಲ್ಲದೆ ಮುಗಿಯಿತು. ಸೇಂಟ್ ಪೀಟರ್ಸ್ ಮೈದಾನಕ್ಕೆ ವಾಟರ್‌ಲೂ ಯುದ್ಧದ ಹೆಸರು ಸೇರಿಸಿ ಜನ ಆ ದಿನಕ್ಕೆ ಪೀಟರ್‌ಲೂ ಅಂತ ಹೆಸರಿಟ್ಟರು.

ಶಿಕ್ಷೆ ಆಯಿತು, ನಿಜ. ಹಂಟ್ ಅವರಿಗೆ ಎರಡೂವರೆ ವರ್ಷ ಜೈಲು. ಬ್ಯಾಮ್‌ಫರ್ಡ್ ಅವರಿಗೆ ಒಂದು ವರ್ಷ. ಕತ್ತಿ ಬೀಸಿದವರಿಗೆ ಒಂದು ದಿನವೂ ಇಲ್ಲ. ಗೃಹ ಮಂತ್ರಿ ಸಿಡ್‌ಮತ್ ಅವರು ಮ್ಯಾಜಿಸ್ಟ್ರೇಟರಿಗೂ ಕುದುರೆ ಸವಾರರಿಗೂ ಯುವರಾಜರ ಧನ್ಯವಾದ ತಿಳಿಸಿದರು. ಡಿಸೆಂಬರಿನಲ್ಲಿ ಆರು ಕಾಯಿದೆ ತಂದು ಸಭೆಗೂ ಪತ್ರಿಕೆಗೂ ಬೀಗ ಹಾಕಿದರು. ಧನ್ಯವಾದ! ನನ್ನ ಹೆಂಡತಿಯ ಭುಜಕ್ಕೆ ಧನ್ಯವಾದ. ಕ್ಷಮಿಸಿ, ಪ್ರಭುಗಳೇ. ಇಷ್ಟು ವರ್ಷವಾದರೂ ಈ ಮಾತಿಗೆ ಬಂದರೆ ನನ್ನ ಕೈ ನಡುಗುತ್ತದೆ.

ನನಗೆ ನೂಲು ಕೊಡುತ್ತಿದ್ದ ಸಾಹುಕಾರ ಆ ವಾರವೇ ನೂಲು ನಿಲ್ಲಿಸಿದ. ಮೈದಾನಕ್ಕೆ ಹೋದವರಿಗೆ ಕೆಲಸವಿಲ್ಲ ಅಂದ. ಊರು ಬಿಟ್ಟು ಇಲ್ಲಿಗೆ ಬಂದೆವು. ನನ್ನಪ್ಪ ಈ ಕೆಲಸದಲ್ಲೇ ವಾರಕ್ಕೆ ಒಂದು ಪೌಂಡ್, ಅಂದರೆ ಇಪ್ಪತ್ತು ಶಿಲ್ಲಿಂಗ್, ಮೀರಿ ದುಡಿಯುತ್ತಿದ್ದ. ಈಗ ಯಂತ್ರದ ಮಗ್ಗಗಳ ಜೊತೆ ಓಡಿ, ದೀಪ ಹಚ್ಚಿ ನೇಯ್ದರೂ ನನಗೆ ಆರು ಶಿಲ್ಲಿಂಗ್ ಹುಟ್ಟುವುದು ಕಷ್ಟ. ಅವಳ ಬಲಗೈ ಮೇಲೆ ಏಳುವುದಿಲ್ಲ. ಎಡಗೈಯಲ್ಲೇ ಕಂಡಿಕೆ ಸುತ್ತುತ್ತಾಳೆ. ಮಕ್ಕಳಿಗೆ ಓಟ್ಸ್ ಗಂಜಿ, ಆಲೂಗಡ್ಡೆ. ಹೊರಗಿನ ಗೋಧಿ ಅಗ್ಗವಾಗಿ ಒಳಗೆ ಬರದ ಹಾಗೆ 1815ರಲ್ಲಿ ಕಾಯಿದೆ ಮಾಡಿದವರು ಯಾರು? ಜಮೀನುದಾರರು ತುಂಬಿದ ಪಾರ್ಲಿಮೆಂಟು. ಅಲ್ಲಿ ನಮ್ಮ ಕಡೆಯವರು ಒಬ್ಬರಾದರೂ ಎದ್ದು, "ಬ್ರೆಡ್ಡಿಗೆ ಯಾಕೆ ಇಷ್ಟು ಬೆಲೆ?" ಅಂತ ಕೇಳಬಹುದಿತ್ತು ಅಲ್ವಾ? ಕೇಳಲು ಯಾರನ್ನು ಕಳಿಸುವುದು? ಅದಕ್ಕೇ ಮತ ಬೇಕು ಅನ್ನುವುದು. ಸುಮ್ನೆ ಹಟಕ್ಕಲ್ಲ.

ಈಗ ಒಂದು ಮಾತು. ಮಸೂದೆ ಪಾಸಾದರೂ ನನಗೆ ಮತ ಬರುವುದಿಲ್ಲ. ಪಟ್ಟಣದಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆ ಬಾಳುವ ಮನೆ ಇದ್ದವನಿಗೆ ಮಾತ್ರ ಮತ ಅಂತ ಬರೆದಿದ್ದೀರಿ. ನನ್ನ ಬಾಡಿಗೆ ವಾರಕ್ಕೆ ಎರಡೂವರೆ ಶಿಲ್ಲಿಂಗ್. ವರ್ಷಕ್ಕೆ ಆರೂವರೆ ಪೌಂಡ್. ಈ ಬೀದಿಯಲ್ಲಿ ಯಾರಿಗೂ ಮತ ಸಿಗುವುದಿಲ್ಲ. ಇದೇ ಕಾರಣಕ್ಕೆ ಹಂಟ್ ಅವರು ಮಸೂದೆಯನ್ನು ಬೈಯುತ್ತಿದ್ದಾರೆ. ಅವರು ನಮಗಾಗಿ ಜೈಲಿಗೆ ಹೋದವರು, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಈ ವಿಷಯದಲ್ಲಿ ನಮ್ಮಲ್ಲೇ ರಾತ್ರಿಯೆಲ್ಲ ಜಗಳವಾಗಿದೆ. ನನ್ನ ತೀರ್ಮಾನ ಇಷ್ಟು. ಓಲ್ಡ್ ಸೇರಮ್ ಹೋಗಲಿ, ಮ್ಯಾಂಚೆಸ್ಟರಿಗೆ ಇಬ್ಬರು ಬರಲಿ. ಮುಚ್ಚಿದ ಬಾಗಿಲು ಒಮ್ಮೆ ಅಲುಗಾಡಲಿ. ನಮ್ಮ ಪಾಲು ಕೇಳುವುದನ್ನು ನಾವು ಬಿಡುವುದಿಲ್ಲ, ಅದು ತಮಗೂ ಗೊತ್ತಿರಲಿ. ನನಗೆ ಮತವೇ ಸಿಗದ ಮಸೂದೆಗಾಗಿ ಇಷ್ಟು ಬೇಡುತ್ತಿದ್ದೇನೆ. ಅದನ್ನು ಇನ್ನಷ್ಟು ಕತ್ತರಿಸಿ ಹದಿನೈದು ಪೌಂಡ್, ಇಪ್ಪತ್ತು ಪೌಂಡ್ ಅಂತ ಮಾಡಿ ಲಾರ್ಡ್‌ಗಳನ್ನು ಒಲಿಸಿಕೊಳ್ಳಲು ಹೋಗಬೇಡಿ.

ಜನ ಏನು ಕೇಳುತ್ತಿದ್ದಾರೆ ಅನ್ನುವುದರಲ್ಲಿ ಅನುಮಾನ ಉಳಿದಿದೆಯಾ? ಮಾರ್ಚ್‌ನಲ್ಲಿ ಕಾಮನ್ಸ್‌ನಲ್ಲಿ 302ಕ್ಕೆ 301, ಒಂದೇ ಮತದಿಂದ ಮಸೂದೆ ಉಳಿಯಿತು. ಆಮೇಲೆ ಅಡ್ಡಗಾಲು ಹಾಕಿದಾಗ ತಾವು ರಾಜರಿಗೆ ಹೇಳಿ ಸಭೆ ವಿಸರ್ಜಿಸಿ ಚುನಾವಣೆಗೆ ಹೋದಿರಿ. ಮತ ಇದ್ದ ಸ್ವಲ್ಪವೇ ಜನರೂ ತಮ್ಮನ್ನೇ ಗೆಲ್ಲಿಸಿದರು. ಸೆಪ್ಟೆಂಬರಿನಲ್ಲಿ ಕಾಮನ್ಸ್ 109 ಮತ ಜಾಸ್ತಿ ಕೊಟ್ಟು ಪಾಸು ಮಾಡಿತು. ಇಷ್ಟೆಲ್ಲ ಆದ ಮೇಲೆ ಯಾರೂ ಆರಿಸದ 199 ಜನ ಬೇಡ ಅಂದರೆ ಬೇಡವೇ? ವಿರುದ್ಧ ಮತ ಹಾಕಿದವರಲ್ಲಿ 21 ಬಿಷಪ್‌ಗಳಿದ್ದಾರೆ. ಅವರಷ್ಟೇ ಈ ಕಡೆ ಬಂದಿದ್ದರೆ ಒಂದು ಮತದಿಂದ ಗೆಲ್ಲುತ್ತಿತ್ತು. ನಾನು ಲೆಕ್ಕ ಮಾಡಿ ನೋಡಿದೆ. ಭಾನುವಾರ ಚರ್ಚಿನಲ್ಲಿ ಬಡವರ ಮೇಲೆ ಕರುಣೆ ಇರಲಿ ಅನ್ನುವುದು ಇವರೇ.

ಹೊಸ ಲಾರ್ಡ್‌ಗಳನ್ನು ಮಾಡುವುದು ನಡೆಯದ ಮಾತಲ್ಲ. ಆ್ಯನ್ ರಾಣಿಯ ಕಾಲದಲ್ಲಿ ಒಂದೇ ಸಲ 12 ಜನರನ್ನು ಮಾಡಿದ್ದರು. ದಾರಿ ಇದೆ. ತಾವು ನಡೆಯಬೇಕು, ಅಷ್ಟೇ. ರಾಜರಿಗೆ ಮನಸ್ಸಿಲ್ಲ ಅನ್ನುತ್ತಾರೆ. ಕೇಳಿ ನೋಡಿ. ಒಪ್ಪದಿದ್ದರೆ ರಾಜೀನಾಮೆ ಕೊಡುತ್ತೇನೆ ಅಂತ ಹೇಳಿ ಕೇಳಿ.

ನಾಟಿಂಗ್‌ಹ್ಯಾಮಿನಲ್ಲಿ ನ್ಯೂಕ್ಯಾಸಲ್ ಡ್ಯೂಕರ ಕೋಟೆಗೆ ಮಸೂದೆ ಬಿದ್ದ ಸಿಟ್ಟಿನಲ್ಲಿ ಜನ ಬೆಂಕಿ ಇಟ್ಟರು. ತಾನು ಹೇಳಿದವರಿಗೆ ಮತ ಹಾಕದ ಬಾಡಿಗೆದಾರರನ್ನು ನ್ಯೂವರ್ಕ್‌ನಲ್ಲಿ ಮನೆ ಬಿಡಿಸಿದ ಡ್ಯೂಕರು ಅವರು. ಆದರೂ ಆ ಬೆಂಕಿಯನ್ನು ನಾನು ಒಪ್ಪುವುದಿಲ್ಲ. ನಮ್ಮ ಮಗ್ಗದ ಮನೆಯಲ್ಲಿ ಬೆಂಕಿಯ ಮಾತಾಡಿದ ಹುಡುಗನನ್ನು ನಾನೇ ಗದರಿದ್ದೇನೆ. ಅವನು ಕೇಳಿದ್ದು ಒಂದೇ, "ನೀವು ಶುಚಿಯಾಗಿ, ಶಾಂತವಾಗಿ ಹೋದಿರಲ್ಲ, ಏನು ಸಿಕ್ಕಿತು?" ಅವನಿಗೆ ಕೊಡಲು ನನ್ನ ಹತ್ತಿರ ಉತ್ತರವಿಲ್ಲ. ತಮ್ಮ ಹತ್ತಿರ ಇದೆ. ಮಸೂದೆಯನ್ನು ಮತ್ತೆ ತನ್ನಿ. ಹಾಗೆಯೇ ತನ್ನಿ. ಈ ಚಳಿಗಾಲದಲ್ಲೇ ತನ್ನಿ.

ಕಳೆದ ಗುರುವಾರ ಪಾರ್ಲಿಮೆಂಟು ಮುಚ್ಚಿತು ಅಂತ ಓದಿದೆ. ಮತ್ತೆ ಸೇರುವ ವಾರದ ಪತ್ರಿಕೆಗಾಗಿ ಏಳು ಪೆನ್ನಿಯನ್ನು ಈಗಲೇ ಕೂಡಿಸಿ ನನ್ನ ಹೆಂಡತಿಯ ಕೈಗೆ ಕೊಟ್ಟಿದ್ದೇವೆ. ಆ ಬಿಳಿ ಉಡುಪು ಇರುವ ಪೆಟ್ಟಿಗೆಯಲ್ಲೇ ಇಟ್ಟಿದ್ದಾಳೆ.

ತಮ್ಮ ವಿಧೇಯ,
ಆಂಕೋಟ್ಸ್‌ನ ಒಬ್ಬ ನೇಕಾರ